ಕಾಫಿ ಹೊಟ್ಟಿನ ಹಾಸಿಗೆ

ನಮ್ಮ ಗೇಟಿನ ಬಳಿ ಒಂದು ಕಪ್ಪು ಹಲಗೆ ಇದೆ. ಅದರ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ‘ಈ ವಾರದ ಹೊಸ ಅತಿಥಿ’ ಎಂದು ತಲೆಬರಹ ಬರೆದು, ಕೆಳಗೆ ಯಾವ ಪ್ರಾಣಿ ಬಂತು, ಯಾವುದು ಮರಿ ಹಾಕಿತು ಎಂದು ಬರೆಯುವವನು ನಾನೇ. ಮೊಲ ಏಳು ಮರಿ ಹಾಕಿದರೆ ಏಳು ಎಂದು ಬರೆಯುತ್ತೇನೆ. ಮರುದಿನ ಆ ತಾಯಿಯೇ ಎರಡನ್ನು ತಿಂದುಬಿಟ್ಟರೆ ಐದು ಎಂದು ತಿದ್ದುವುದಿಲ್ಲ. ಶನಿವಾರ ಭಾನುವಾರ ಕಾರುಗಳಲ್ಲಿ ಬರುವ ಜನ ಆ ಹಲಗೆಯ ಪಕ್ಕ ನಿಂತು ಎರಡು ಬೆರಳು ತೋರಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ. ನಿಮ್ಮ ಅಕ್ಷರ ಎಷ್ಟು ದುಂಡಗಿದೆ ಎಂದು ಹೊಗಳಿದವರೂ ಇದ್ದಾರೆ. ಆ ಮಾತು ಕೇಳಿದಾಗೆಲ್ಲ ಸೀಮೆಸುಣ್ಣ ಜೇಬಿಗೆ ಹಾಕಿಕೊಂಡು ಅಲ್ಲಿಂದ ಹೊರಟುಬಿಡುತ್ತೇನೆ.

ಮೂಲತಃ ನಾನು ಎಸ್ಟೇಟ್ ರೈಟರ್. ಹೆತ್ತೂರಿನಿಂದ ಇನ್ನೂ ಮೇಲೆ, ಮಳೆಗಾಲದಲ್ಲಿ ಒಗೆದ ಬಟ್ಟೆ ವಾರವಾದರೂ ಒಣಗದ ಗುಡ್ಡದಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ಬೆಳಿಗ್ಗೆ ಸ್ಟೋರಿನ ಮುಂದೆ ಆಳುಗಳು ಸೇರಿದಾಗ ಒಬ್ಬೊಬ್ಬರನ್ನೇ ಕೂಗಿ ಹಾಜರಿ ಹಿಡಿಯುವುದು, ಇವತ್ತು ಯಾರು ಕಳೆಗೆ, ಯಾರು ಮೆಣಸಿನ ಬಳ್ಳಿ ಕಟ್ಟುವುದಕ್ಕೆ ಎಂದು ಹಂಚುವುದು ನನ್ನ ಕೆಲಸ. ಬಂದವರ ಸಾಲಿನಲ್ಲಿ ಗೀಟು, ಬಾರದವರ ಸಾಲಿನಲ್ಲಿ ಸೊನ್ನೆ. ಆಳುಗಳಿಗೆಂದು ಕಟ್ಟಿದ ಲೈನ್ ಮನೆಯಲ್ಲಿದ್ದವರು ಕೆಲಸ ಬಿಟ್ಟು ಹೋದರೆ ಅವರ ಸಾಲಿನಲ್ಲಿ ‘ಊರಿಗೆ’ ಎಂದು ಬರೆದು ಗೆರೆ ಎಳೆದರೆ ಮುಗಿಯಿತು. ಯಾವ ಊರು, ಯಾಕೆ ಹೋದರು, ಮತ್ತೆ ಬರುತ್ತಾರಾ ಎಂದು ಆ ಪುಸ್ತಕ ಕೇಳುವುದಿಲ್ಲ.

ನಮ್ಮ ಸಾವ್ಕಾರರು ಒಂದು ಬೇಸಿಗೆಯಲ್ಲಿ ಎಲ್ಲೋ ದೂರದ ಪ್ರವಾಸಕ್ಕೆ ಹೋಗಿ ಸಫಾರಿ ಪಾರ್ಕ್ ನೋಡಿಕೊಂಡು ಬಂದರು. ಬಂದವರೇ ಮೇಲಿನ ನಲವತ್ತು ಎಕರೆಗೆ ತಂತಿ ಹಾಕಿಸಿದರು. ಎಮು, ಸೀಮೆಕೋಳಿ, ಗಿನಿಕೋಳಿ, ಮೊಲ, ಕತ್ತೆ, ಒಂಟೆ, ಸಣ್ಣ ಜಾತಿಯ ಎರಡು ಕುದುರೆ, ಇವಿಷ್ಟನ್ನು ತರಿಸಿ, ಬಂದವರು ಉಳಿಯಲು ನಾಲ್ಕಾರು ರೂಮು ಕಟ್ಟಿಸಿ, ಹಳೆಯ ಜೀಪಿಗೆ ಹುಲಿಪಟ್ಟೆ ಬಳಿಸಿ ಸಫಾರಿ ಎಂದು ಹೆಸರಿಟ್ಟರು. ಈ ಸೀಮೆಯಲ್ಲಿ ಕಾಡಾನೆ ಎಲ್ಲಿದೆ ಎಂಬ ಮೆಸೇಜ್ ನೋಡದೆ ಯಾರೂ ಬೆಳಿಗ್ಗೆ ಮನೆ ಬಿಟ್ಟು ಹೊರಡುವುದಿಲ್ಲ. ನಮ್ಮ ತೋಟಕ್ಕೇ ಕರೆಯದೆ ಬಂದು ಬೈನೆ ಮರ ಸೀಳಿ ತಿಂದು ಹೋಗುವ ಪ್ರಾಣಿಗಳಿವೆ. ಅಂಥ ಜಾಗಕ್ಕೆ ಮರಳುಗಾಡಿನ ಒಂಟೆ ತಂದು, ಕೊರಳಿಗೆ ಪ್ಲಾಸ್ಟಿಕ್ ಹೂವಿನ ಹಾರ ಹಾಕಿ ನಿಲ್ಲಿಸಿದ್ದನ್ನು ನೋಡಿ ನಮ್ಮ ಆಳುಗಳೇ ನಕ್ಕರು. ನಾನೂ ನಕ್ಕೆ, ಆದರೆ ಸಾವ್ಕಾರರ ಬೆನ್ನ ಹಿಂದೆ.

“ಬಂದಿದ್ದು ಹುಟ್ಟಿದ್ದು ಎಲ್ಲ ನೀನೇ ಬರ್ಕೊಂಡ್ ಹೋಗ್ ಮಾರಾಯ,” ಎಂದರು ಅವರು. ನನಗೆ ಬರೆಯಲು ಬರುವ ಪುಸ್ತಕ ಒಂದೇ. ಹಾಜರಿ ಪುಸ್ತಕದ್ದೇ ಇನ್ನೊಂದು ತೆಗೆದು ಅದರಲ್ಲಿ ಆಳುಗಳ ಜಾಗದಲ್ಲಿ ಪ್ರಾಣಿಗಳನ್ನು ಬರೆದೆ. ಒಂಟೆ, ಗೀಟು. ಎಮು ಒಂದು, ಗೀಟು. ಎಮು ಎರಡು, ಗೀಟು. ಮೊದಮೊದಲು ನನಗೇ ತಮಾಷೆಯಾಗಿತ್ತು. ಕತ್ತೆಗೆ ಭಾನುವಾರವೂ ರಜೆ ಇಲ್ಲ ಎಂದು ಹೆಂಡತಿಯ ಹತ್ತಿರ ಹೇಳಿ ನಗುತ್ತಿದ್ದೆ.

ಆ ವರ್ಷದ ಮಳೆ ಹಿಡಿದುಕೊಂಡ ಮೇಲೆ ಒಂಟೆಯ ಪಾದ ಕೊಳೆಯಲು ಶುರುವಾಯಿತು. ಅದರ ಕಾಲು ಒಣ ಮರಳಿಗೆ ಮಾಡಿದ್ದು. ನಮ್ಮದು ರಕ್ತ ಹೀರುವ ಇಂಬಳ ಹರಿದಾಡುವ ಕೆಸರು. ಸುಣ್ಣ ಹಾಕಿದೆವು, ಬೇವಿನೆಣ್ಣೆ ಹಚ್ಚಿದೆವು, ಮೈಮೇಲೆ ಟಾರ್ಪಾಲು ಹೊದಿಸಿದೆವು. ಹಸಿ ಮಾಂಸದ ವಾಸನೆ ಅಡುಗೆಮನೆಯವರೆಗೂ ಬರುತ್ತಿತ್ತು. ಪ್ರವಾಸಿಗರಿಗೆ ಅದರ ಮುಖ ಮಾತ್ರ ಕಾಣುವಂತೆ ಎದುರಿಗೆ ಕ್ರೋಟನ್ ಕುಂಡಗಳನ್ನು ಜೋಡಿಸಿದೆವು. ಆ ಕುಂಡಗಳನ್ನು ಎಲ್ಲಿಡಬೇಕೆಂದು ತೋರಿಸಿದವನೂ ನಾನೇ. ಒಂಟೆ ಸತ್ತ ದಿನ ಪುಸ್ತಕ ತೆಗೆದುಕೊಂಡು ಹೋಗಿ ಏನು ಬರೆಯಲಿ ಎಂದು ಕೇಳಿದೆ.

ಸಾವ್ಕಾರರು ತಲೆ ಎತ್ತಲಿಲ್ಲ. “ಆಳು ಹೋದ್ರೆ ಏನ್ ಬರೀತೀಯ?”

“ಊರಿಗೆ ಅಂತ.”

“ಅದ್ನೇ ಬರಿ. ಸತ್ತದ್ದು ಗಿತ್ತದ್ದು ಅಂತೆಲ್ಲ ಬರ್ದು ಅಪಶಕುನ ಮಾಡ್ಬ್ಯಾಡ.”

ಹಾಗೆ ಬರೆದೆ. ಯಾರಾದರೂ ಒಂಟೆ ಎಲ್ಲಿ ಎಂದು ಕೇಳಿದರೆ ಊರಿಗೆ ಹೋಗಿದೆ ಎಂದು ಹೇಳುವುದು ಜೀಪಿನ ಡ್ರೈವರನಿಂದ ಹಿಡಿದು ಅಡುಗೆಯವನ ತನಕ ಎಲ್ಲರಿಗೂ ರೂಢಿಯಾಯಿತು. ಮಕ್ಕಳು ಅದನ್ನು ನಂಬಿ ಟಾಟಾ ಮಾಡುತ್ತಿದ್ದವು. ಆಮೇಲೆ ಒಂದು ಎಮು ಊರಿಗೆ ಹೋಯಿತು. ತಂತಿಗೆ ಕುತ್ತಿಗೆ ಸಿಕ್ಕಿಸಿಕೊಂಡು ಕತ್ತೆಮರಿ ಊರಿಗೆ ಹೋಯಿತು. ಗಿನಿಕೋಳಿಗಳು ಹಿಂಡುಹಿಂಡಾಗಿ ಊರಿಗೆ ಹೋದವು. ಬರುವಾಗ ಹಲಗೆ, ಹೋಗುವಾಗ ಗುಂಡಿ. ಗುಂಡಿ ತೋಡುವ ಆಳುಗಳನ್ನು ಹಾಜರಿಯಲ್ಲಿ ‘ಚರಂಡಿ ಕೆಲಸ’ ಎಂದು ತೋರಿಸುತ್ತಿದ್ದೆ.

ಇಷ್ಟರ ನಡುವೆ ಒಂದು ಹೆಣ್ಣುಕುದುರೆ ಬಂತು. ಯಾವುದೋ ಗಿರಿಧಾಮದಲ್ಲಿ ಮಕ್ಕಳನ್ನು ಬೆನ್ನ ಮೇಲೆ ಕೂರಿಸಿಕೊಂಡು ತಿರುಗಿ ತಿರುಗಿ ಸಾಕಾಗಿದ್ದ ಮುದಿ ಕುದುರೆ. ಹುರಿಗಡಲೆ ಬಣ್ಣ, ಬೆನ್ನಿನ ಮೇಲೆ ಜೀನು ಉಜ್ಜಿ ಉಜ್ಜಿ ಕೂದಲು ಹೋದ ಎರಡು ಪಟ್ಟೆ. ಲಾರಿಯಿಂದ ಇಳಿಸುವಾಗ ಅದು ಯಾರ ಮುಖವನ್ನೂ ನೋಡಲಿಲ್ಲ, ಸುಮ್ಮನೆ ತಲೆ ತಗ್ಗಿಸಿ ನಿಂತಿತು. ಅದನ್ನು ನೋಡಿಕೊಳ್ಳಲು ನಮ್ಮ ಲೈನಿನ ಒಬ್ಬ ಹೆಂಗಸನ್ನು ಹಾಕಿದೆ. ವಯಸ್ಸು ಐವತ್ತೈದು ದಾಟಿತ್ತು. ಗಂಡ ಇರಲಿಲ್ಲ, ಇದ್ದ ಒಬ್ಬ ಮಗಳನ್ನು ಆಲೂರಿನ ಕಡೆ ಕೊಟ್ಟಿದ್ದಳು. ಕೆ. ಹೊಸಕೋಟೆಯ ಹತ್ತಿರದ ಹಳ್ಳಿಯಲ್ಲಿ ದನ ಕುರಿ ಮೇಯಿಸಿಕೊಂಡೇ ಬೆಳೆದವಳು. ಲೈನಿನಲ್ಲಿ ಎಲ್ಲರೂ ಅವಳನ್ನು ಆಯಮ್ಮ ಎನ್ನುತ್ತಿದ್ದರು, ನಾನೂ ಹಾಗೇ ಎನ್ನುತ್ತೇನೆ.

ಕುದುರೆ ಬಂದು ತಿಂಗಳಾಗುವಷ್ಟರಲ್ಲಿ ಆಯಮ್ಮ ಒಂದು ಬೆಳಿಗ್ಗೆ ಹಾಜರಿಗೆ ಬಂದು ನಿಂತಳು. “ರೈಟ್ರೇ, ಅದು ಗಬ್ಬ ಐತೆ.”

“ನಿಂಗ್ ಹೆಂಗ್ ಗೊತ್ತು?”

“ಹೊಟ್ಟೆ ಮ್ಯಾಲೆ ಕೈ ಮಡಗಿ ನೋಡಿ ಬನ್ನಿ. ನಾನ್ ಹೇಳೋದ್ಯಾಕೆ.”

ಹೋಗಿ ಕೈಯಿಟ್ಟೆ. ಒಳಗಿನಿಂದ ಏನೋ ಒದ್ದಂತಾಯಿತು. ಕುದುರೆ ತಲೆ ತಿರುಗಿಸಿ ನನ್ನ ತೋಳನ್ನು ಮೂಸಿತು. ಅದನ್ನು ಮಾರಿದವರಿಗೆ ಇದು ಗೊತ್ತಿತ್ತೋ ಇಲ್ಲವೋ ತಿಳಿಯದು. ಸಾವ್ಕಾರರಿಗೆ ಹೇಳಿದಾಗ ಅವರು ಕುರ್ಚಿಯಿಂದ ಎದ್ದೇ ಬಿಟ್ಟರು. ಎತ್ತು ಈಯಿತು ಎಂದರೂ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ಅವರದು. ಇಲ್ಲಿ ನಿಜವಾಗಿಯೇ ಈಯುವ ಪ್ರಾಣಿ ಸಿಕ್ಕಿತ್ತು. ಅಂದೇ ಹಲಗೆಯ ಮೇಲೆ ‘ಶೀಘ್ರದಲ್ಲಿ: ಕುದುರೆಮರಿ’ ಎಂದು ಬರೆಸಿದರು. ಹುಟ್ಟುವುದನ್ನು ಕಣ್ಣಾರೆ ನೋಡಬಹುದು ಎಂದು ಫೋನಿನಲ್ಲಿ ಎಲ್ಲರಿಗೂ ಹೇಳತೊಡಗಿದರು. ಆಯಮ್ಮನಿಗೆ ಮಾತ್ರ ಅದರ ಬಾಣಂತನದ ಚಿಂತೆ. ದಿನಾ ಕೆರೆ ದಂಡೆಯಿಂದ ಹಸಿ ಹುಲ್ಲು ಕುಯ್ದು ತಂದು, ತುಳಿತುಳಿದು ನೀರು ಹಿಂಡಿ ಹಾಕುತ್ತಿದ್ದಳು. ಆ ಮುದಿ ಕುದುರೆ ಅವಳ ಹೆಜ್ಜೆ ಸಪ್ಪಳ ಕೇಳಿದರೆ ಮೂಗಿನಲ್ಲಿ ಸಣ್ಣಗೆ ಸದ್ದು ಮಾಡುತ್ತಿತ್ತು.

ಮತ್ತೆ ಮಳೆಗಾಲ ಬಂತು. ಕುದುರೆ ಲಾಯದ ನೆಲ ಒಸರಲು ಶುರುವಾಯಿತು. ಬೆಳಗೋಡಿನಿಂದ ತರಿಸಿದ್ದ ಭತ್ತದ ಹುಲ್ಲು ಬಣವೆಯಲ್ಲೇ ಬೂಸ್ಟು ಹಿಡಿದಿತ್ತು. ಕೆಳಗೆ ಹಾಸಲು ಒಣಗಿದ್ದು ಏನಾದರೂ ಬೇಕಿತ್ತು. ಸ್ಟೋರಿನಲ್ಲಿ ಚೆರಿ ಕಾಫಿ ಬಿಡಿಸಿದ ಮೇಲೆ ಉಳಿದ ಹೊಟ್ಟು ಮೂಟೆ ಮೂಟೆ ಬಿದ್ದಿತ್ತು. ಕಾಫಿ ಬೀಜದ ಮೇಲಿನ ಒಣಗಿದ ಸಿಪ್ಪೆ ಅದು. ನಮ್ಮಲ್ಲಿ ಅದನ್ನು ಒಲೆಗೂ ಹಾಕುತ್ತಾರೆ, ಗೊಬ್ಬರಕ್ಕೂ ಹಾಕುತ್ತಾರೆ, ಲೈನಿನವರು ಕೋಳಿಗೂಡಿಗೆ ಹರಡುತ್ತಾರೆ. ಕಾಫಿ ತೋಟದವನಿಗೆ ಕಾಫಿಯದು ಯಾವುದೂ ಕೆಟ್ಟದ್ದು ಎಂದು ಹೊಳೆಯುವುದಿಲ್ಲ. ಅದನ್ನೇ ಹಾಸೋಣ ಎಂದು ಹೇಳಿದವನು ನಾನು. ಬೇರೆ ಯಾರೂ ಅಲ್ಲ.

ಗೇಣು ದಪ್ಪ ಹರಡಿಸಿದೆ. ಲಾಯಕ್ಕೆ ಲಾಯವೇ ಕಂದು ಬಣ್ಣದಲ್ಲಿ ಹೊಳೆಯಿತು. ಉಚ್ಚೆ ವಾಸನೆ ಹೋಗಿ ಕಾಫಿಯ ಘಮ ಬಂತು. ಶನಿವಾರ ಬಂದ ಒಬ್ಬ ಹೆಂಗಸು ಮೂಗರಳಿಸಿ, ಇದು ಕುದುರೆ ಲಾಯವೋ ಕಾಫಿ ಅಂಗಡಿಯೋ ಎಂದಳು. ಎಲ್ಲರೂ ನಕ್ಕರು. ಸಾವ್ಕಾರರು ಎಲ್ಲರೆದುರಿಗೆ ನನ್ನ ಬೆನ್ನು ತಟ್ಟಿ, “ಎಲ್ಲಾ ನಮ್ ರೈಟ್ರ ತಲೆ ಕಣ್ರೀ,” ಎಂದರು. ಇಪ್ಪತ್ತೆರಡು ವರ್ಷದಲ್ಲಿ ಅವರು ನನ್ನ ಬೆನ್ನು ತಟ್ಟಿದ್ದು ಅದೊಂದೇ ಸಲ. ಆ ದಿನವೆಲ್ಲ ನಾನು ನೆಲದ ಮೇಲೆ ನಡೆಯಲಿಲ್ಲ. ಮನೆಗೆ ಬಂದು ಹೆಂಡತಿಗೆ ಅದನ್ನು ಎರಡು ಸಲ ಹೇಳಿದೆ.

ನಾಲ್ಕನೆಯ ದಿನಕ್ಕೋ ಐದನೆಯ ದಿನಕ್ಕೋ ಕುದುರೆ ನಿಂತಲ್ಲಿ ನಿಲ್ಲದಾಯಿತು. ಕಾಲು ಬದಲಿಸುವುದು, ಕಿವಿ ಬಡಿಯುವುದು, ತುಟಿ ಅದುರಿಸುವುದು. ಮಳೆಯ ಚಳಿಯಲ್ಲೂ ಕುತ್ತಿಗೆ ಬೆವರುತ್ತಿತ್ತು. ಪಕ್ಕದ ಎರಡು ಸಣ್ಣ ಕುದುರೆಗಳೂ ಹಾಗೇ ಕುಣಿಯುತ್ತಿದ್ದವು. ಜನರಿಗೆ ಅದು ಕುಣಿತವಾಗಿಯೇ ಕಂಡಿತು. ಮೊಬೈಲಿನಲ್ಲಿ ಹಾಡು ಹಾಕಿ, ಅದು ಕಾಲೆತ್ತಿ ಇಡುವುದಕ್ಕೆ ತಾಳ ಕೂಡಿಸಿ ವಿಡಿಯೋ ಮಾಡಿದರು. ಗಬ್ಬದ ಕುದುರೆಯ ಡ್ಯಾನ್ಸ್ ಎಂದು ಅದನ್ನು ಎಷ್ಟೋ ಜನ ನೋಡಿದರಂತೆ. ಮುಂದಿನ ವಾರ ಅದನ್ನು ನೋಡಲೆಂದೇ ಎರಡು ವ್ಯಾನು ಬಂದವು. ಬೆವರುತ್ತಿರುವ ಒಂದು ಬಸುರಿ ಪ್ರಾಣಿಯ ಮುಂದೆ ಪಾಪ್‌ಕಾರ್ನ್ ತಿನ್ನುತ್ತ ಹಲ್ಲು ಕಿರಿಯುವ ಆ ಮುಖಗಳನ್ನು ನೆನೆದರೆ ಈಗಲೂ ಅಸಹ್ಯವಾಗುತ್ತದೆ. ಆದರೆ ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವನ ಮುಖ ಎಂಥದ್ದು ಎಂದು ಮುಂದೆ ಹೇಳುತ್ತೇನೆ.

ಆಯಮ್ಮ ಒಂದು ಮಧ್ಯಾಹ್ನ ಸ್ಟೋರಿಗೆ ಬಂದಳು. ಮಡಿಲಿನಲ್ಲಿ ಒಂದು ಉಂಡೆ ಲದ್ದಿ ಇತ್ತು. ಅದನ್ನು ನನ್ನ ಮೇಜಿನ ಮೇಲೆ, ಪುಸ್ತಕದ ಪಕ್ಕದಲ್ಲೇ ಇಟ್ಟು ಎರಡು ಹೋಳು ಮಾಡಿದಳು. ಒಳಗೆಲ್ಲ ಕಾಫಿ ಸಿಪ್ಪೆ.

“ಹಾಸಿದ್ದನ್ನ ತಿಂತಾ ಐತೆ ರೈಟ್ರೇ. ನೆಲ ನೆಕ್ಕಿ ನೆಕ್ಕಿ ತಿಂತಾ ಐತೆ. ಮನ್ಷಾರು ಎರಡು ಲೋಟ ಜಾಸ್ತಿ ಕಾಫಿ ಕುಡುದ್ರೆ ಎದೆ ಡವಡವ ಅನ್ನಲ್ವಾ? ಇದ್ಕೆ ಹೊಟ್ಟೆ ತುಂಬ ಅದೇ. ತೆಗ್ಸಿ ಬುಡಿ.”

“ದನ ಎಲ್ಲ ತಿನ್ನಲ್ವೇನಮ್ಮ? ಏನಾಗ್ತದೆ? ತಿಂಗ್ಳು ತುಂಬ್ತಾ ಬಂತು, ಅದ್ಕೆ ಹಂಗಾಡ್ತದೆ.”

“ದನ ಬ್ಯಾರೆ, ಇದು ಬ್ಯಾರೆ. ನಿಮ್ ಕಾಲಿಗ್ ಬೀಳ್ತೀನಿ, ಹುಲ್ ಹಾಕ್ಸಿ.”

ನೋಡೋಣ ಎಂದೆ. ಲದ್ದಿ ತೆಗೆದುಕೊಂಡು ಹೋಗು, ಪುಸ್ತಕಕ್ಕೆ ತಾಗುತ್ತದೆ ಎಂದೆ. ಅವಳು ಹೋದ ಮೇಲೆ ಮೇಜಿನ ಮೇಲೆ ಉದುರಿದ್ದ ಸಿಪ್ಪೆಯನ್ನು ಬೆರಳಿನಿಂದ ಆರಿಸಿ ನೋಡಿದೆ. ಅವಳು ಹೇಳಿದ್ದು ಸರಿ ಎಂದು ಆ ಕ್ಷಣಕ್ಕೇ ಗೊತ್ತಾಯಿತು. ಆ ಹೊತ್ತಿಗೇ ಎದ್ದು ಹೋಗಿ ನಾಲ್ಕು ಆಳು ಬಿಟ್ಟು ಗುದ್ದಲಿಯಲ್ಲಿ ಎಳೆಸಿದ್ದರೆ ಅರ್ಧ ಗಂಟೆಯ ಕೆಲಸ. ಆದರೆ ಹೊಟ್ಟು ತೆಗೆಸಿದರೆ ಯಾಕೆ ತೆಗೆಸಿದೆ ಎಂದು ಸಾವ್ಕಾರರು ಕೇಳುತ್ತಾರೆ. ಬೆನ್ನು ತಟ್ಟಿ ಇನ್ನೂ ಎರಡು ವಾರವಾಗಿರಲಿಲ್ಲ. ನಾಳೆ ನೋಡೋಣ ಎಂದುಕೊಂಡು ಚಹಾ ಕುಡಿದೆ. ನಾಳೆ ಎಂದಿದ್ದು ಮೂರು ದಿನವಾಯಿತು.

ಮೂರನೆಯ ದಿನ ಕುದುರೆ ಗೋಡೆಗೆ ಹಣೆ ಒತ್ತಿ ನಿಂತು ನಡುಗತೊಡಗಿತು. ಆಯಮ್ಮ ನೇರವಾಗಿ ಬಂಗಲೆಗೇ ಹೋಗಿ ಸಾವ್ಕಾರರ ಮುಂದೆ ನಿಂತಳು. ಅವರಿಗೂ ಗಾಬರಿಯಾಯಿತು, ಯಾಕೆಂದರೆ ಭಾನುವಾರಕ್ಕೆ ಎಲ್ಲ ರೂಮೂ ತುಂಬಿದ್ದವು. ಪಶುವೈದ್ಯರಿಗೆ ಫೋನು ಮಾಡಿದರು. ಎರಡು ತಾಸಿನಲ್ಲಿ ಡಾಕ್ಟರು ಬಂದರು. ಹೊಸಬರು, ಮೂವತ್ತರ ಒಳಗಿನವರು, ಮೊಣಕಾಲ ತನಕ ಗಂಬೂಟು. ಲಾಯದಲ್ಲಿ ಕತ್ತಲೆ ಇತ್ತೆಂದು, ಮಳೆಯೂ ಸ್ವಲ್ಪ ಹೊಳವಾಗಿತ್ತೆಂದು ಕುದುರೆಯನ್ನು ಅದಾಗಲೇ ಸ್ಟೋರಿನ ಮುಂದಿನ ಕಣಕ್ಕೆ ನಡೆಸಿಕೊಂಡು ಬಂದಿದ್ದೆವು. ಆದ್ದರಿಂದ ಅವರು ಲಾಯದ ಒಳಗೆ ಹೋಗಲೇ ಇಲ್ಲ. ಅಲ್ಲೇ ಕಣದಲ್ಲಿ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಕಣ್ಣು ಅಗಲಿಸಿ ನೋಡಿದರು, ಒಸಡು ಒತ್ತಿದರು.

“ಏನೋ ವಿಷದ ಹಾಗಿದೆ,” ಎಂದರು. “ಏನೇನು ತಿನ್ನಿಸ್ತೀರಿ?”

ಆಯಮ್ಮ ಹೇಳಿದಳು, ಹಸಿ ಹುಲ್ಲು, ಹುರುಳಿ, ತೌಡು.

“ಕೆಳಗೆ ಏನು ಹಾಸ್ತೀರಿ?”

ಅವರು ನನ್ನನ್ನೇ ಕೇಳಿದರು. ಪುಸ್ತಕ ಹಿಡಿದುಕೊಂಡವನು ನಾನೇ ಆದ್ದರಿಂದ ಇರಬೇಕು. ಆ ಕುದುರೆಯ ಜೀವ, ಅದರ ಹೊಟ್ಟೆಯಲ್ಲಿದ್ದುದರ ಜೀವ, ಎರಡೂ ಆ ಒಂದು ಉತ್ತರದ ಮೇಲೆ ನಿಂತಿದ್ದವು. ಅದು ನನಗೆ ಆಗಲೇ ಗೊತ್ತಿತ್ತು, ಆಮೇಲೆ ಗೊತ್ತಾದದ್ದಲ್ಲ.

“ಹುಲ್ಲು ಸಾರ್. ಭತ್ತದ ಹುಲ್ಲು.”

ಕೆಲಸ ಹೋಗುತ್ತದೆಂಬ ಭಯವೂ ಅಲ್ಲ ಅದು. ಸಾವ್ಕಾರರು ನನ್ನನ್ನು ಬಿಡುವವರಲ್ಲ, ಇಷ್ಟು ಬರೆಯಲು ಬರುವ ಇನ್ನೊಬ್ಬ ಅವರಿಗೆ ಸಿಕ್ಕುವುದಿಲ್ಲ. ಗಂಬೂಟು ಹಾಕಿದ ಆ ಹುಡುಗುಮುಖದ ಡಾಕ್ಟರ ಮುಂದೆ ದಡ್ಡನೆನಿಸಿಕೊಳ್ಳಬಾರದು ಎಂಬುದಷ್ಟೇ ನನ್ನ ತಲೆಯಲ್ಲಿತ್ತು. ಅಷ್ಟು ಅಗ್ಗಕ್ಕೆ ಹೋದೆ ನಾನು. ಸಾವ್ಕಾರರು ಪಕ್ಕದಲ್ಲೇ ಇದ್ದರು. ಲಾಯದಲ್ಲಿ ಏನಿದೆಯೆಂದು ಅವರಿಗೆ ಗೊತ್ತು. ಅವರು ನನ್ನನ್ನು ಒಮ್ಮೆ, ಡಾಕ್ಟರನ್ನು ಒಮ್ಮೆ ನೋಡಿ, “ಬೆಳಗೋಡಿಂದ ತರ್ಸದು ಡಾಕ್ಟ್ರೇ, ಒಳ್ಳೆ ಹುಲ್ಲು,” ಎಂದರು. ಆಯಮ್ಮ ಕುದುರೆಯ ಕುತ್ತಿಗೆ ಹಿಡಿದುಕೊಂಡು ಸುಮ್ಮನೆ ನಿಂತಿದ್ದಳು.

ಹುಲ್ಲಿನಲ್ಲಿ ಬೂಸ್ಟು ಇದ್ದಿರಬಹುದು, ಅದನ್ನು ಬದಲಿಸಿ ಎಂದು ಡಾಕ್ಟರು ಹೇಳಿ, ಹೊಟ್ಟೆನೋವಿಗೆ, ಬೂಸ್ಟಿನ ವಿಷಕ್ಕೆ ಎಂದು ಔಷಧಿ ಕೊಟ್ಟರು. ಕೇಳಿಸಿಕೊಂಡದ್ದಕ್ಕೆ ತಕ್ಕ ಚಿಕಿತ್ಸೆ ಮಾಡಿದರು. ಅವರದೇನೂ ತಪ್ಪಿಲ್ಲ. ಗಾಡಿ ಹತ್ತುವಾಗ ನನ್ನ ಕೈಗೆ ಮಾತ್ರೆ ಕೊಟ್ಟು, ಹೇಗೆ ಕೊಡಬೇಕೆಂದು ಎರಡು ಸಲ ಬಿಡಿಸಿ ಹೇಳಿದರು.

ಅವರ ಗಾಡಿ ತಿರುವು ದಾಟಿದ್ದೇ ತಡ, ಜೀಪು ತೆಗೆಸಿಕೊಂಡು ಬೆಳಗೋಡಿಗೆ ಓಡಿದೆ. ಒಬ್ಬ ರೈತರ ಅಟ್ಟದ ಮೇಲಿದ್ದ ಒಣ ಹುಲ್ಲು ಇಳಿಸಿಕೊಂಡು ಬಂದೆ. ಆಳುಗಳನ್ನು ಕರೆಯದೆ ನಾನೇ ಗುದ್ದಲಿ ಹಿಡಿದು ಲಾಯದ ಹೊಟ್ಟನ್ನೆಲ್ಲ ಎಳೆದು, ಬುಟ್ಟಿಯಲ್ಲಿ ಹೊತ್ತು ಗೊಬ್ಬರದ ಗುಂಡಿಗೆ ಸುರಿದೆ. ಹೊಟ್ಟಿನ ಧೂಳು ಬಾಯಿಗೆಲ್ಲ ಮೆತ್ತಿಕೊಂಡಿತು. ಆಯಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಸಹಾಯಕ್ಕೆ ಬರಲಿಲ್ಲ. ನಾನು ಕುದುರೆಯನ್ನು ಉಳಿಸುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಗುಂಡಿಯ ಮೇಲೆ ಮಣ್ಣೆಳೆದು ಮುಚ್ಚುವಾಗ ಮಾತ್ರ, ಉಳಿಸುವವನು ಇದನ್ನು ಮುಚ್ಚುವುದೇಕೆ ಎಂದು ಅನಿಸಿತು.

ಎರಡು ಸಣ್ಣ ಕುದುರೆಗಳು ಎರಡೇ ದಿನದಲ್ಲಿ ತಣ್ಣಗಾದವು. ತಲೆ ತಗ್ಗಿಸಿ ಹುಲ್ಲು ತಿನ್ನತೊಡಗಿದವು. ಡಾಕ್ಟ್ರ ಕೈಗುಣ ಎಂದು ಎಲ್ಲರೂ ಹೇಳಿದರು. ನಾನೂ ತಲೆಯಾಡಿಸಿದೆ. ಮುದಿಯದು, ಬಸುರಿ, ಅಷ್ಟು ದಿನ ಸರಿಯಾಗಿ ಮಲಗದೆ ನಿಂತೇ ಇದ್ದದ್ದು, ಅದು ಮಾತ್ರ ಚೇತರಿಸಿಕೊಳ್ಳಲಿಲ್ಲ.

ಭಾನುವಾರ ಬೆಳಿಗ್ಗೆ ಜನ ತಿಂಡಿ ತಿನ್ನುವ ಹೊತ್ತಿಗೆ, ಇನ್ನೂ ದಿನ ತುಂಬುವ ಮೊದಲೇ, ಕುದುರೆ ಮರಿ ಹಾಕಿತು. ಸಾವ್ಕಾರರು ಜನರನ್ನು ಕರೆದುಕೊಂಡು ಬಂದು ಲಾಯದ ಅಡ್ಡಗಂಬದ ಆಚೆ ನಿಲ್ಲಿಸಿದರು. ಇಡ್ಲಿ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಬಂದವರಿದ್ದರು. ತೆಳ್ಳಗೆ, ಒದ್ದೆ ಒದ್ದೆಯಾಗಿದ್ದ ಮರಿ ಒದ್ದಾಡಿ ಎದ್ದು ನಿಂತಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ತಾಯಿ ಏಳಲಿಲ್ಲ. ಅದರ ಹಿಂದಿನಿಂದ ರಕ್ತ ನಿಲ್ಲದೆ ಹುಲ್ಲಿಗೆ ಇಳಿಯುತ್ತಿತ್ತು. ಮಕ್ಕಳು ಹೆದರುತ್ತಾರೆ ಎಂದು ಸಾವ್ಕಾರರು ನನಗೆ ಕಣ್ಸನ್ನೆ ಮಾಡಿದರು. ಕಾಫಿ ಒಣಗಿಸುವ ಟಾರ್ಪಾಲನ್ನು ನಾನೂ ಡ್ರೈವರನೂ ಅಡ್ಡಕ್ಕೆ ಕಟ್ಟಿದೆವು. ಆ ಕಡೆ ಫೋಟೋ, ಈ ಕಡೆ ಸಾವು. ನಡುವೆ ಒಂದು ನೀಲಿ ಟಾರ್ಪಾಲು.

ಟಾರ್ಪಾಲಿನ ಈ ಕಡೆ ಆಯಮ್ಮ ಮಂಡಿಯೂರಿ ಕೂತು, ಸಾಯುತ್ತಿದ್ದ ಕುದುರೆಯ ಕೆಚ್ಚಲಿನಿಂದ ಗಿಣ್ಣುಹಾಲನ್ನು ಲೋಟಕ್ಕೆ ಕರೆಯುತ್ತಿದ್ದಳು. ಮರಿಗೆ ಅದು ಬೇಕೇಬೇಕು, ಇಲ್ಲದಿದ್ದರೆ ಬದುಕುವುದಿಲ್ಲ. ಕಣ್ಣೀರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು, ಕೈ ಮಾತ್ರ ನಿಲ್ಲಲಿಲ್ಲ. “ಇನ್ ವಸಿ ಕೊಡವ್ವ. ಇನ್ನೊಂದ್ ವಸಿ,” ಎಂದು ಅದರ ಹೊಟ್ಟೆಗೆ ಹಣೆಯಿಟ್ಟು ಹೇಳುತ್ತಿದ್ದಳು. ಆಚೆಯಿಂದ ಸಾವ್ಕಾರರು, ಮರಿಯನ್ನು ಬೆಳಕಿಗೆ ತನ್ನಿ, ಎಲ್ಲರೂ ಮುಟ್ಟಿ ನೋಡಲಿ ಎಂದು ಕೂಗಿದರು. ಆಯಮ್ಮ ತಲೆಯೆತ್ತದೆ, ಅದು ಮೊದಲು ಕುಡೀಲಿ ಎಂದಳು. ಅವರು ಮತ್ತೆ ನನ್ನನ್ನು ಕೂಗಿದರು. ನಾನು ಮರಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಟಾರ್ಪಾಲಿನ ಆಚೆ ಹೋದೆ. ಅದರ ಎದೆ ನನ್ನ ಅಂಗೈಯಲ್ಲಿ ಡವಡವ ಬಡಿಯುತ್ತಿತ್ತು. ಹದಿನೈದು ಇಪ್ಪತ್ತು ಜನ ಅದನ್ನು ಮುಟ್ಟಿದರು. ಒಬ್ಬ ಅದರ ಬಾಯಿಗೆ ಇಡ್ಲಿ ಚೂರು ಹಿಡಿದ. ನಾನು ತಿರುಗಿ ಬರುವ ಹೊತ್ತಿಗೆ ತಾಯಿ ಸತ್ತಿತ್ತು, ಲೋಟದಲ್ಲಿ ಹಾಲು ಎರಡು ಬೆರಳಿನಷ್ಟಿತ್ತು.

ಮರಿ ನಾಲ್ಕು ದಿನ ಬದುಕಿತ್ತು. ಆಯಮ್ಮ ತನ್ನ ಕಂಬಳಿ ಹೊದಿಸಿ, ಹಸುವಿನ ಹಾಲಿಗೆ ನೀರು ಬೆರೆಸಿ ಬಾಟಲಿಯಲ್ಲಿ ಕುಡಿಸಿದಳು. ಹಲಗೆಯ ಮೇಲೆ ಅದರ ಹುಟ್ಟನ್ನು ನಾಲ್ಕು ಬಣ್ಣದಲ್ಲಿ ಬರೆದಿದ್ದೆ. ಐದನೆಯ ದಿನದ ಬೆಳಿಗ್ಗೆ ಅದು ಕಂಬಳಿಯೊಳಗೇ ತಣ್ಣಗಾಗಿತ್ತು.

ಸಾವ್ಕಾರರಿಗೆ ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳಬೇಕಿತ್ತು. ಎರಡೂ ಜೀವ ಆಯಮ್ಮನ ಕೈಕೆಳಗೆ ಹೋದವು, ನೋಡಿಕೊಳ್ಳಲು ಬರಲಿಲ್ಲ, ಬಂಗಲೆಗೆ ನುಗ್ಗಿ ಗಲಾಟೆ ಬೇರೆ ಮಾಡಿದಳು ಎಂದರು. ಅವಳನ್ನು ಪ್ರಾಣಿಗಳ ಹತ್ತಿರ ಸೇರಿಸಬೇಡ, ಕಳೆಗೆ ಹಾಕು ಎಂದರು. ಮರುದಿನ ಹಾಜರಿಯಲ್ಲಿ ಅವಳನ್ನು ಕೆಳಗಿನ ಬ್ಲಾಕಿನ ಕಳೆ ಕೆಲಸಕ್ಕೆ ಬರೆದೆ. ಅವಳು ಕತ್ತಿ ತೆಗೆದುಕೊಂಡು ಎಲ್ಲರ ಜೊತೆ ಇಳಿದು ಹೋದಳು. ಲಾಯದ ಕಡೆ ತಿರುಗಿ ನೋಡಲಿಲ್ಲ.

ಹತ್ತು ದಿನ ನನಗೆ ಅನ್ನ ಸೇರಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಸುಮ್ಮನಿದ್ದವನಿಗೆ ಬಾಯಿ ಮುಚ್ಚಿಕೊಂಡಿರುವುದೂ ಕಷ್ಟವಾಯಿತು. ಕೊನೆಗೆ ಒಂದು ದಿನ ಸಾವ್ಕಾರರಿಗೆ ಹೇಳಿದೆ, ಕುದುರೆ ಸತ್ತದ್ದು ಹೊಟ್ಟಿನಿಂದ, ಡಾಕ್ಟರಿಗೆ ಸುಳ್ಳು ಹೇಳಿದೆ, ಆಯಮ್ಮನದೇನೂ ತಪ್ಪಿಲ್ಲ ಎಂದು. ಅವರು ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತಿದ್ದರು. “ಗೊತ್ತು ಬಿಡೋ ಮಾರಾಯ. ನಾನೂ ಅಲ್ಲೇ ಇದ್ನಲ್ಲ. ಹೋದದ್ದು ಹೋತು, ಇನ್ನೊಂದು ತರ್ಸಣ,” ಎಂದರು. ಆಯಮ್ಮನ ಮಾತೆತ್ತಿದೆ. ಅವಳೇನು ಕೇಳಿದಳಾ, ಸುಮ್ಮನೆ ಇದ್ದಾಳಲ್ಲ ಎಂದರು. ಬೈಸಿಕೊಂಡರೆ ಹಗುರಾಗುತ್ತೇನೆ ಎಂದು ಹೋದವನಿಗೆ ಅದೂ ದಕ್ಕಲಿಲ್ಲ. ಅವರ ಹಲ್ಲುಕಡ್ಡಿ ಕಂಡು ಬಂದಷ್ಟೇ ಹೇಸಿಗೆ ನನ್ನ ಮೇಲೂ ಬಂತು.

ಡಾಕ್ಟರಿಗೂ ಫೋನು ಮಾಡಿದೆ. ಹೊಟ್ಟು ಎಷ್ಟು ದಿನ ಹಾಸಿತ್ತು ಎಂದು ಅವರು ಕೇಳಿದರು, ಹೇಳಿದೆ. ಆಮೇಲೆ, ಅವತ್ತೇ ಗೊತ್ತಾಗಿದ್ದರೆ ಬೇರೆ ದಾರಿ ಇತ್ತು, ಉಳಿಯುವ ಸಾಧ್ಯತೆಯೂ ಇತ್ತು ಎಂದಷ್ಟೇ ಹೇಳಿ ಇಟ್ಟರು.

ಆ ಮಧ್ಯಾಹ್ನವೇ ಕೆಳಗಿನ ಬ್ಲಾಕಿಗೆ ಇಳಿದೆ. ಆಳುಗಳು ಊಟಕ್ಕೆ ಕೂತಿದ್ದರು. ಆಯಮ್ಮ ಎಲ್ಲರಿಂದ ಸ್ವಲ್ಪ ದೂರದಲ್ಲಿ ಒಂದು ಸಿಲ್ವರ್ ಮರದ ಬುಡದಲ್ಲಿ ಗೋಣಿಕೊಪ್ಪೆ ಹಾಸಿಕೊಂಡು ಬುತ್ತಿ ಬಿಚ್ಚಿದ್ದಳು. ಮುದ್ದೆ, ಕೆಸುವಿನ ಸೊಪ್ಪು. ನಾನು ಎದುರಿಗೆ ಕುಕ್ಕರುಗಾಲಲ್ಲಿ ಕೂತೆ. ಸಾವ್ಕಾರರಿಗೂ ಡಾಕ್ಟರಿಗೂ ಹೇಳಿದ್ದನ್ನು ಹೇಳಿದೆ. ತಪ್ಪು ನನ್ನದು ಎಂದೆ. ಅವಳು ಒಂದು ತುತ್ತು ಮುರಿದು, ನುಂಗಿ, ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ನಂದೂ ಐತೆ ರೈಟ್ರೇ,” ಎಂದಳು. “ನಾನ್ ಹೇಳ್ಬೋದಿತ್ತಲ್ಲ. ಡಾಕ್ಟ್ರು ಎದ್ರುಗೇ ಇದ್ರು.”

“ನೀನ್ ಹೆಂಗ್ ಹೇಳ್ತಿದ್ದೆ ಅಮ್ಮ. ಸಾವ್ಕಾರ್ರೂ ನಾನೂ ಅಲ್ಲೇ ನಿಂತಿದ್ವಲ್ಲ.”

“ಹೇಳ್ತಿದ್ದೆ. ಬಾಯಿ ತಂಕ ಬಂದಿತ್ತು. ಸಾವ್ಕಾರ್ರಿಗೆ ಹೆದ್ರೋಳಾಗಿದ್ರೆ ಬಂಗ್ಲೆಗ್ ಹೋಗ್ತಿದ್ನಾ?” ಮುದ್ದೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. “ನೀವು ಹುಲ್ಲು ಅಂದ್ಬುಟ್ಟು ತಿರುಗಿ ನನ್ ಮುಖ ನೋಡುದ್ರಿ. ನೋಡ್ದೆ ಇದ್ದಿದ್ರೆ ಹೇಳ್ತಿದ್ದೆ.”

ನಾನು ನೋಡಿದ್ದೆ. ಇಷ್ಟು ಹೊತ್ತು ನಿಮಗೆಲ್ಲ ಎಲ್ಲವನ್ನೂ ಹೇಳಿದವನು ಅದೊಂದನ್ನು ಬಿಟ್ಟಿದ್ದೆ. ಯಾವ ನೋಟ ಅದು ಎಂದೂ ನನಗೆ ಗೊತ್ತು. ಇಪ್ಪತ್ತೆರಡು ವರ್ಷ ದಿನಾ ಬೆಳಿಗ್ಗೆ ಹಾಜರಿಯಲ್ಲಿ ಒಂದು ಮಾತೂ ಆಡದೆ ಅದೇ ನೋಟದಲ್ಲಿ ನೂರಾರು ಜನರ ಬಾಯಿ ಮುಚ್ಚಿಸಿದ್ದೇನೆ.